ನಮ್ಮ ಡ್ರೈವರ್ ಅಂಥವನಲ್ಲ

ಶಾಲಾ ವಾಹನದ ಚಾಲಕ ಕುಡಿದು ಸಿಕ್ಕಿಬಿದ್ದಾಗ ಆಡಳಿತ ಮಂಡಳಿಯಿಂದ ಬರುವ ಮೊದಲ ಮಾತು ‘ನಮ್ಮ ಡ್ರೈವರ್ ಅಂಥವನಲ್ಲ’ ಎನ್ನುವುದು. ಪೋಷಕರೂ ಅದನ್ನೇ ಹೇಳುತ್ತಾರೆ. ಲಾರಿ ಮಾಲೀಕರು, ಟೂರಿಸ್ಟ್ ಬಸ್ಸಿನವರು, ಕ್ರೇನ್ ಬಾಡಿಗೆಗೆ ಕೊಡುವವರು ಎಲ್ಲರ ಬಾಯಲ್ಲೂ ಇದೇ ಮಾತು. ಇವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿಲ್ಲ, ನಿಜಕ್ಕೂ ಹಾಗೆಂದು ನಂಬಿದ್ದಾರೆ. ತಪ್ಪಿರುವುದು ಆ ನಂಬಿಕೆಯಲ್ಲೇ. ಈ ದಿನ ಬೆಳಗ್ಗೆ ಒಬ್ಬ ಮನುಷ್ಯ ಸ್ಟೇರಿಂಗ್ ಹಿಡಿಯುವ ಸ್ಥಿತಿಯಲ್ಲಿ ಇದ್ದಾನೋ ಇಲ್ಲವೋ ಎಂಬುದನ್ನು ಹತ್ತು ವರ್ಷದ ಪರಿಚಯ ಹೇಳಲಾರದು. ಯಂತ್ರಕ್ಕೆ ಊದಿದ ಒಂದು ಉಸಿರು ಹೇಳುತ್ತದೆ. ಅದನ್ನು ಊದಿಸಿ ನೋಡುವಷ್ಟು ತೊಂದರೆಯನ್ನೂ ನಾವು ತೆಗೆದುಕೊಂಡಿಲ್ಲ.

ಬೆಂಗಳೂರಿನ ಸಂಚಾರ ಪೊಲೀಸರು ಆಗೊಮ್ಮೆ ಈಗೊಮ್ಮೆ ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಡೆದು ಊದಿಸುತ್ತಾರೆ. ಒಂದಷ್ಟು ಚಾಲಕರು ಸಿಕ್ಕಿಬೀಳುತ್ತಾರೆ. ಅದು ಮಕ್ಕಳು ಡಬ್ಬಿ, ನೀರಿನ ಬಾಟಲಿ ಹಿಡಿದು ಗೇಟಿನ ಮುಂದೆ ನಿಂತಿರುವ ಹೊತ್ತು. ಮರುದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದು ಓಡಾಡುತ್ತದೆ, ನಾಲ್ಕು ಜನ ಸಿಟ್ಟಿನ ಮಾತು ಬರೆಯುತ್ತಾರೆ. ಅದರ ಮರುದಿನ ಅದೇ ಮಕ್ಕಳು ಅದೇ ವ್ಯಾನುಗಳನ್ನು ಹತ್ತುತ್ತಾರೆ. ‘ನಮ್ಮ ವ್ಯಾನಿನ ಚಾಲಕನನ್ನು ನೀವು ದಿನಾ ಪರೀಕ್ಷಿಸುತ್ತೀರಾ’ ಎಂದು ಶಾಲೆಯನ್ನು ಕೇಳಿದ ಪೋಷಕರು ಎಷ್ಟು ಜನ? ಫೀಸು ಎರಡು ಸಾವಿರ ಹೆಚ್ಚಾದರೆ ಗೇಟಿನ ಮುಂದೆ ಧರಣಿ ಕೂರುವ ನಾವು ಈ ಪ್ರಶ್ನೆಯನ್ನು ಯಾಕೆ ಕೇಳುವುದಿಲ್ಲ?

ಸಿಕ್ಕಿಬಿದ್ದ ಚಾಲಕ ಹೇಳುವ ಸಮಜಾಯಿಷಿ ಎಲ್ಲರಿಗೂ ಗೊತ್ತು: ‘ಸಾರ್, ಬೆಳಗ್ಗೆ ಮುಟ್ಟೇ ಇಲ್ಲ, ರಾತ್ರಿ ಹಾಕಿದ್ದು.’ ಅವನ ಮಾತು ಬಹುಮಟ್ಟಿಗೆ ನಿಜ. ಬೆಳಗ್ಗೆ ಎದ್ದು ಕುಡಿದು ವ್ಯಾನ್ ಹತ್ತುವವರು ಕಡಿಮೆ. ರಾತ್ರಿ ಕುಡಿದದ್ದು ಬೆಳಗಿನವರೆಗೂ ರಕ್ತದಲ್ಲಿ ಉಳಿದಿರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ, ಅವನಿಗೆ ಸಂಬಳ ಕೊಡುವವರಿಗೂ ಗೊತ್ತಿಲ್ಲ. ಮನುಷ್ಯನ ಯಕೃತ್ತು 100 ಮಿಲಿಲೀಟರಿಗೆ ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಮಾತ್ರ ರಕ್ತದ ಆಲ್ಕೋಹಾಲನ್ನು ಇಳಿಸುತ್ತದೆ. ಅದನ್ನು ಅವಸರಪಡಿಸಲು ಯಾವ ಮದ್ದೂ ಇಲ್ಲ. ಸ್ಟ್ರಾಂಗ್ ಕಾಫಿ, ತಣ್ಣೀರ ಸ್ನಾನ, ಮಜ್ಜಿಗೆ, ನಿಂಬೆ ಶರಬತ್ತು ಯಾವುದಕ್ಕೂ ಅದು ಬಗ್ಗುವುದಿಲ್ಲ. ಒಂದೂವರೆ ಎರಡು ಕ್ವಾರ್ಟರ್ ಇಳಿಸಿ ರಾತ್ರಿ ಹನ್ನೆರಡಕ್ಕೆ ಮಲಗಿದವನ ರಕ್ತದಲ್ಲಿ 100 ಮಿಲಿಲೀಟರಿಗೆ 180 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಬೆಳಗ್ಗೆ ಆರೂವರೆಗೆ ಮುಖ ತೊಳೆದು, ವಿಭೂತಿ ಹಚ್ಚಿ, ವ್ಯಾನಿನ ಮುಂದೆ ಊದುಬತ್ತಿ ಬೆಳಗುವಾಗ ಅವನಲ್ಲಿ ಇನ್ನೂ 80ರಷ್ಟು ಉಳಿದಿರುತ್ತದೆ. ಕಾನೂನು ಒಪ್ಪುವ ಮಿತಿ 30. ಅವನ ನಡಿಗೆ ನೆಟ್ಟಗಿರುತ್ತದೆ, ಮಾತು ಸ್ಪಷ್ಟವಾಗಿರುತ್ತದೆ, ಬಾಯಿಂದ ಟೂತ್‌ಪೇಸ್ಟಿನ ವಾಸನೆ ಬರುತ್ತಿರುತ್ತದೆ. ಮೂಗಿನಲ್ಲಿ ಪತ್ತೆ ಹಚ್ಚುತ್ತೇನೆ ಎಂದು ಹೊರಟ ಮೇಲ್ವಿಚಾರಕ ಅವನನ್ನು ಪಾಸು ಮಾಡುತ್ತಾನೆ. ಅಡ್ಡ ಬಂದ ಸೈಕಲ್ಲಿಗೆ ಬ್ರೇಕ್ ಒತ್ತಬೇಕಾದ ಅರೆಕ್ಷಣದಲ್ಲಿ ಮಾತ್ರ ಆ 80 ತನ್ನ ಕೆಲಸ ತೋರಿಸುತ್ತದೆ.

ಮಿತಿ ಎಷ್ಟು, ಶಿಕ್ಷೆ ಏನು ಎಂಬುದರಲ್ಲಿ ಕಾನೂನು ತಕ್ಕಮಟ್ಟಿಗೆ ಗಟ್ಟಿಯಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿದರೆ 15,000 ರೂಪಾಯಿ, ಎರಡು ವರ್ಷದವರೆಗೆ ಜೈಲು. ಮಾದಕ ದ್ರವ್ಯದ ಅಮಲೂ ಇದೇ ಕಲಮಿನಲ್ಲಿ ಬರುತ್ತದೆ. ಆದರೆ ಈ ಕಲಮು ಜೀವ ಪಡೆಯುವುದು ಶುಕ್ರವಾರ, ಶನಿವಾರದ ರಾತ್ರಿ ಮತ್ತು ಡಿಸೆಂಬರ್ 31ರಂದು. ಆ ರಾತ್ರಿಗಳಲ್ಲಿ ಬ್ಯಾರಿಕೇಡ್ ಬೀಳುತ್ತದೆ, ಟಿ.ವಿ. ಕ್ಯಾಮೆರಾ ಬರುತ್ತದೆ, ಕುಡಿದು ಓಡಿಸಿದ ಕೇಸುಗಳ ಲೆಕ್ಕ ಬರುತ್ತದೆ. ಸೋಮವಾರ ಬೆಳಗಿನ ಜಾವ ಐದಕ್ಕೆ ಜಲ್ಲಿ ತುಂಬಿಕೊಂಡು ಕ್ರಷರಿನಿಂದ ಹೊರಡುವ ಟಿಪ್ಪರಿನ ಮುಂದೆ ಯಾರೂ ಇರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಎರಡು ಟ್ರೇಲರ್ ಎಳೆದುಕೊಂಡು ರಾತ್ರಿಯೆಲ್ಲ ಕಾರ್ಖಾನೆಯ ಮುಂದೆ ಸರದಿ ಕಾಯುವ ಟ್ರಾಕ್ಟರಿನವನನ್ನು ಯಾರೂ ಊದಿಸುವುದಿಲ್ಲ. ನಗರದ ಕಾರುಗಳನ್ನು ಶನಿವಾರ ರಾತ್ರಿ ತಡೆಯುವುದು ಬೇಕು, ಬೇಡವೆನ್ನುವುದಿಲ್ಲ. ಅಷ್ಟಕ್ಕೇ ಕೆಲಸ ಮುಗಿಯಿತು ಎಂದು ಕೂತಿದ್ದೇವಲ್ಲ, ಆ ನಿಶ್ಚಿಂತೆಯ ಮೇಲೆ ನನ್ನ ಸಿಟ್ಟು.

ಬೇಕೆಂದರೆ ನಮಗೆ ಇದು ಬರುತ್ತದೆ ಎಂಬುದಕ್ಕೆ ವಿಮಾನವೇ ಸಾಕ್ಷಿ. ಈ ದೇಶದಲ್ಲಿ ಪೈಲಟ್ ಹಾರುವ ಮುನ್ನ ಊದಲೇಬೇಕು, ಗಗನಸಖಿಯೂ ಊದಲೇಬೇಕು. ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಅವರಿಗೆ 30ರ ರಿಯಾಯಿತಿ ಇಲ್ಲ, ಮಿತಿ ಸೊನ್ನೆ. ಮೊದಲ ಸಲ ಸಿಕ್ಕಿದರೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಸಲಕ್ಕೆ ಮೂರು ವರ್ಷ, ಮೂರನೇ ಸಲಕ್ಕೆ ರದ್ದು. 2019ರಲ್ಲಿ ವಿಮಾನ ನಿಲ್ದಾಣದೊಳಗೆ ಗಾಡಿ ಓಡಿಸುವವರನ್ನೂ ಪರೀಕ್ಷೆಯ ವ್ಯಾಪ್ತಿಗೆ ತಂದರು. 2022ರ ಜನವರಿ 31ರಿಂದ ಪೈಲಟ್‌ಗಳು ಮತ್ತು ವಾಯು ಸಂಚಾರ ನಿಯಂತ್ರಕರಲ್ಲಿ ವರ್ಷಕ್ಕೆ ಶೇ 10ರಷ್ಟು ಜನರನ್ನು ಮುನ್ಸೂಚನೆ ಕೊಡದೆ ಆರಿಸಿ ಗಾಂಜಾ, ಅಫೀಮು, ಕೊಕೇನ್‌ನಂಥವುಗಳಿಗೂ ಪರೀಕ್ಷೆ ಮಾಡಬೇಕೆಂಬ ನಿಯಮ ಬಂತು. ರೈಲ್ವೆಯಲ್ಲಿ ಲೋಕೊ ಪೈಲಟ್ ಡ್ಯೂಟಿಗೆ ಸಹಿ ಹಾಕುವಾಗಲೇ ಊದಬೇಕು. ಅಂದರೆ ದೇವನಹಳ್ಳಿಯ ನಿಲ್ದಾಣದ ಬೇಲಿಯೊಳಗೆ ಸೂಟ್‌ಕೇಸ್ ಸಾಗಿಸುವ ಗಾಡಿಯವನ ಮೇಲೆ ಒಂದು ಕಣ್ಣಿದೆ. ಬೇಲಿಯ ಹೊರಗೆ ಮೂವತ್ತು ಮಕ್ಕಳನ್ನು ಕೂರಿಸಿಕೊಂಡವನ ಮೇಲೆ ಇಲ್ಲ. ಯಾರ ಜೀವಕ್ಕೆ ಎಷ್ಟು ಬೆಲೆ ಕಟ್ಟಿದ್ದೇವೆ ಎಂಬುದು ಇದರಲ್ಲೇ ಕಾಣುತ್ತದೆ.

ದಿನಾ ಪರೀಕ್ಷೆ ಎಂದ ಕೂಡಲೇ ‘ಅದು ಅವಮಾನ’ ಎನ್ನುತ್ತಾರೆ. ನಂಬಿಕಸ್ತ ಕೆಲಸಗಾರನನ್ನು ಅನುಮಾನಿಸಿದಂತಾಗುತ್ತದೆ, ಯೂನಿಯನ್ ಗಲಾಟೆ ಮಾಡುತ್ತದೆ, ಡ್ರೈವರುಗಳು ಸಿಗುವುದೇ ಕಷ್ಟ, ಇದ್ದವರೂ ಬಿಟ್ಟು ಹೋಗುತ್ತಾರೆ ಎನ್ನುತ್ತಾರೆ. ನಮ್ಮ ಹಳ್ಳಿಗಳ ಹಾಲಿನ ಡೈರಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಕ್ಯಾನ್ ಹಿಡಿದು ಬಂದ ಪ್ರತಿಯೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಸುತ್ತಾರೆ. ಸಂಘದ ಅಧ್ಯಕ್ಷನ ಮನೆಯ ಹಾಲಿಗೂ ಇಳಿಸುತ್ತಾರೆ, ಒಂದೇ ಎಮ್ಮೆ ಸಾಕಿರುವ ವಿಧವೆಯ ಹಾಲಿಗೂ ಇಳಿಸುತ್ತಾರೆ. ಎಲ್ಲರದ್ದನ್ನೂ ನೋಡುವುದರಿಂದ ಯಾರಿಗೂ ಅವಮಾನವಿಲ್ಲ. ಒಬ್ಬನನ್ನೇ ಪಕ್ಕಕ್ಕೆ ಕರೆದು ‘ಬಾಯಿ ಬಿಡು’ ಎಂದಾಗ ಅವಮಾನ. ಮೇಲ್ವಿಚಾರಕನಿಗೆ ಆಗದವನನ್ನು ಆರಿಸಿ ಊದಿಸಿದಾಗ ಅವಮಾನ. ಇವತ್ತು ನಾವು ನಡೆಸುತ್ತಿರುವುದು ಈ ಎರಡನೇ ಬಗೆಯ ಪರೀಕ್ಷೆಯನ್ನೇ. ಹಾಗಾಗಿ ಕೆಲಸಗಾರರು ಅದನ್ನು ದ್ವೇಷಿಸುವುದರಲ್ಲಿ ಅರ್ಥವಿದೆ. ಡಿಪೊ ಮ್ಯಾನೇಜರ್, ಫ್ಲೀಟ್ ಮಾಲೀಕ, ಸೈಟ್ ಎಂಜಿನಿಯರ್ ತಾವೇ ಮೊದಲು ಊದಿ, ತಮ್ಮ ಅಂಕಿಯನ್ನು ಎಲ್ಲರಿಗೂ ಕಾಣುವ ಪುಸ್ತಕದಲ್ಲಿ ಬರೆದು, ಆಮೇಲೆ ಉಳಿದವರನ್ನು ಕರೆಯಲಿ. ವಿರೋಧ ಅರ್ಧಕ್ಕರ್ಧ ಕರಗುತ್ತದೆ.

ಯಂತ್ರದ ಮೇಲಿನ ಅನುಮಾನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಅರಿಷ್ಟ ಕುಡಿದಿದ್ದೆ, ಕೆಮ್ಮಿನ ಸಿರಪ್ ಕುಡಿದಿದ್ದೆ, ಅದಕ್ಕೆ ಬೀಪ್ ಹೊಡೆಯಿತು’ ಎಂಬ ವಾದ ಸಾಮಾನ್ಯ. ಊಟದ ಮೇಲೆ ಎರಡು ಚಮಚ ದಶಮೂಲಾರಿಷ್ಟ ಕುಡಿದವನ ಬಾಯಲ್ಲಿ ಸ್ವಲ್ಪ ಹೊತ್ತು ಆಲ್ಕೋಹಾಲಿನ ಆವಿ ಇರುವುದು ನಿಜ. ಅದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೋಗುತ್ತದೆ, ಅಷ್ಟರಿಂದ ರಕ್ತದಲ್ಲಿ 30ರ ಗಡಿ ದಾಟುವುದು ಸಾಧ್ಯವೇ ಇಲ್ಲ. ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಇಪ್ಪತ್ತು ನಿಮಿಷ ಕೂರಿಸಿ ಮತ್ತೆ ಊದಿಸಿದರೆ ಪ್ರಾಮಾಣಿಕ ಯಾರು ಎಂಬುದು ತೀರ್ಮಾನವಾಗುತ್ತದೆ. ಪ್ರತಿಯೊಬ್ಬರಿಗೂ ಹೊಸ ಕೊಳವೆ ಕೊಡಬೇಕು, ಯಂತ್ರವನ್ನು ಕಾಲಕಾಲಕ್ಕೆ ಕ್ಯಾಲಿಬ್ರೇಟ್ ಮಾಡಿಸಿ ತಾರೀಕನ್ನು ಅದರ ಮೇಲೆ ಅಂಟಿಸಬೇಕು. ಇವಿಷ್ಟನ್ನೂ ಮಾಡದೆ ಹಳೆಯ ಯಂತ್ರವನ್ನು ಮೂಲೆಯಲ್ಲಿಟ್ಟು ‘ನಮ್ಮಲ್ಲೂ ಉಂಟು’ ಎನ್ನುವ ಸಂಸ್ಥೆಗಳು ಮೋಸ ಮಾಡುತ್ತಿವೆ.

ಕುಡಿತದ ಹೊಣೆಯನ್ನು ಚಾಲಕನೊಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಅಭ್ಯಾಸವೊಂದಿದೆ. ಮಂಡ್ಯದ ಕಡೆ ಒಂದು ಬೀಗರೂಟಕ್ಕೆ ಹೋಗಿದ್ದೆ. ಶಾಮಿಯಾನದ ಹಿಂದೆ, ತೆಂಗಿನ ಮರದ ಬುಡದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಗಂಡಸರು ಕೂತಿದ್ದರು. ಬೀಗರ ಕಡೆಯವರನ್ನು ಕರೆತಂದ ಟೆಂಪೊ ಟ್ರಾವೆಲರಿನ ಹುಡುಗ ಗಾಡಿಯ ನೆರಳಲ್ಲಿ ಮೊಬೈಲ್ ನೋಡುತ್ತಾ ನಿಂತಿದ್ದ. ಮನೆಯ ಯಜಮಾನರೇ ಅವನನ್ನು ಕೂಗಿ ಕರೆದರು. ಅವನು ‘ಬೇಡ ಅಣ್ಣ, ಗಾಡಿ ಐತೆ’ ಎಂದ. ‘ಏಯ್, ಒಂದು ನೈಂಟಿಗೆ ಏನಾಯ್ತದ್ಲಾ, ಮುದ್ದೆ ಬಾಡು ಉಂಡ್ರೆ ಎಲ್ಲ ಇಳ್ದೋಯ್ತದೆ’ ಎಂದು ಲೋಟ ಕೈಗಿಟ್ಟರು. ಸುತ್ತ ಕೂತವರು ನಕ್ಕರು. ಎರಡನೇ ಸಲ ಬೇಡ ಎನ್ನಲು ಆ ಹುಡುಗನಿಂದ ಆಗಲಿಲ್ಲ. ನಾನು ಯಜಮಾನರಿಗೆ ಹೇಳಿದೆ, ಆ ಗಾಡಿಯಲ್ಲಿ ಹೆಂಗಸರು ಮಕ್ಕಳು ವಾಪಸ್ ಹೋಗಬೇಕಲ್ಲ ಎಂದು. ‘ಬುಡಿ ಸಾ, ಸಂತೋಷದ ದಿನ’ ಎಂದರು. ಅವರು ಕೆಟ್ಟವರಲ್ಲ. ಬಂದವರೆಲ್ಲ ಹೊಟ್ಟೆ ತುಂಬ ಉಣ್ಣಲಿ ಎಂದು ಬೆಳಗಿನಿಂದ ನಿಂತೇ ಇದ್ದ ಮನುಷ್ಯ. ಆದರೆ ಅವರು ಉಪಚಾರ ಎಂದುಕೊಂಡು ಮಾಡಿದ್ದು ಇಪ್ಪತ್ತು ಜನರ ಜೀವವನ್ನು ಪಣಕ್ಕಿಟ್ಟ ಕೆಲಸ. ಗಾಡಿ ಪಲ್ಟಿಯಾಗಿದ್ದರೆ ಎಫ್‌ಐಆರಿನಲ್ಲಿ ಆ ಹುಡುಗನ ಹೆಸರು ಇರುತ್ತಿತ್ತು, ಲೋಟ ಕೊಟ್ಟವರ ಹೆಸರು ಇರುತ್ತಿರಲಿಲ್ಲ. ದೇವರ ಹರಕೆಗೆ, ಆಯುಧಪೂಜೆಗೆ, ಚುನಾವಣೆಯ ಮೆರವಣಿಗೆಗೆ ಗಾಡಿ ಮಾಡಿಕೊಂಡು ಹೋಗುವಲ್ಲೆಲ್ಲ ಇದೇ ನಡೆಯುತ್ತದೆ. ಡ್ರೈವರಿಗೆ ಕುಡಿಸುವುದು ಔದಾರ್ಯದ ಗುರುತು ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ. ಅದು ಅಪರಾಧ.

ಇದರಿಂದ ಎಷ್ಟು ಜನ ಸಾಯುತ್ತಾರೆ? ಲೆಕ್ಕ ಕೇಳಿದರೆ ಕಡಿಮೆ ಎನ್ನಿಸುವ ಅಂಕಿ ಸಿಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವು ಅತಿವೇಗದ ಖಾತೆಗೆ ಹೋಗಿದೆ. ಮದ್ಯ ಮತ್ತು ಮಾದಕ ದ್ರವ್ಯದ ಖಾತೆಯಲ್ಲಿರುವುದು ನೂರಕ್ಕೆ ಎರಡು ಮೂರರಷ್ಟು ಮಾತ್ರ. ಈ ಅಂಕಿಯನ್ನು ತೋರಿಸಿ ‘ಕುಡಿತ ಅಷ್ಟೇನೂ ದೊಡ್ಡ ಕಾರಣವಲ್ಲ’ ಎನ್ನುವವರಿದ್ದಾರೆ. ಅಪಘಾತವಾದ ಮೇಲೆ ಎಷ್ಟು ಚಾಲಕರ ರಕ್ತ ತೆಗೆಯುತ್ತೇವೆ ಎಂದು ಅವರು ಕೇಳಿಕೊಳ್ಳಲಿ. ಠಾಣೆಯಲ್ಲಿ ಎಫ್‌ಐಆರ್ ಬರೆಯುವಾಗ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಸಾಲು ಕೈಗೆ ತಾನಾಗಿ ಬರುತ್ತದೆ. ಅತಿವೇಗ ಯಾಕೆ, ಅಜಾಗರೂಕತೆ ಯಾಕೆ ಎಂದು ಆ ಸಾಲು ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಅವರ ಸಹೋದ್ಯೋಗಿಗಳು ಗಾಯಾಳುಗಳನ್ನೇ ಗಮನಿಸಿ ನಡೆಸಿದ ಅಧ್ಯಯನಗಳಲ್ಲಿ ಮದ್ಯದ ಪಾಲು ಪೊಲೀಸ್ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿಯೇ ಕಂಡಿದೆ. ಪರೀಕ್ಷೆ ಮಾಡದೆ ಇದ್ದರೆ ಕುಡಿತ ಕಾಣುವುದಿಲ್ಲ. ಕಾಣದ್ದನ್ನು ಇಲ್ಲವೆಂದು ಬರೆದುಕೊಂಡು ಬಂದಿದ್ದೇವೆ.

ದೊಡ್ಡ ಸುದ್ದಿಯಾದ ದುರಂತದಲ್ಲಿ ಮಾತ್ರ ಎಲ್ಲರೂ ಪ್ರಯೋಗಾಲಯದ ಕಡೆ ಓಡುತ್ತಾರೆ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹಾದು ಹೊತ್ತಿ ಉರಿಯಿತು. 19 ಪ್ರಯಾಣಿಕರು ಸುಟ್ಟುಹೋದರು. ಬೈಕ್ ಸವಾರ ಕುಡಿದಿದ್ದ ಎಂದು ವಿಧಿವಿಜ್ಞಾನ ಪರೀಕ್ಷೆಯ ನಂತರ ಪೊಲೀಸರು ಹೇಳಿದರು. ಅದೇ ಬೈಕ್ ಸವಾರ ಯಾವುದೋ ಹಳ್ಳಿಯ ತಿರುವಿನಲ್ಲಿ ಒಂಟಿಯಾಗಿ ಬಿದ್ದು ಸತ್ತಿದ್ದರೆ, ಅಥವಾ ದಾರಿಹೋಕನೊಬ್ಬನನ್ನು ಕೊಂದಿದ್ದರೆ, ಪ್ರಯೋಗಾಲಯದ ವರದಿಗೆ ಅಷ್ಟು ಅವಸರ ಯಾರಿಗೂ ಇರುತ್ತಿರಲಿಲ್ಲ.

ಆಸ್ಪತ್ರೆಗೆ ಕರೆತಂದ ಮೇಲಾದರೂ ಪರೀಕ್ಷೆ ಸರಿಯಾಗಿ ನಡೆಯುತ್ತದೆಯೇ? ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಒಬ್ಬರೇ ವೈದ್ಯರು. ಒಂದು ಕಡೆ ಹೆರಿಗೆ, ಇನ್ನೊಂದು ಕಡೆ ಹಾವು ಕಚ್ಚಿದವರು. ಪೊಲೀಸ್ ಪೇದೆ ಚಾಲಕನನ್ನು ಹಿಡಿದುಕೊಂಡು ನಿಂತಿರುತ್ತಾನೆ. ವೈದ್ಯರು ಅವನ ಬಾಯಿಯ ವಾಸನೆ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಟಾರ್ಚಿನಿಂದ ಕಣ್ಣು ನೋಡಿ, ‘ಮದ್ಯ ಸೇವಿಸಿದ್ದಾನೆ, ಆದರೆ ಅಮಲಿನಲ್ಲಿ ಇಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ. ಆ ಒಂದು ವಾಕ್ಯದಲ್ಲಿ ಕೇಸು ಮುಗಿದಂತೆ. ವಾಸನೆ, ತೂರಾಟ, ಹಿಗ್ಗಿದ ಕಣ್ಣುಪಾಪೆ ಇಷ್ಟರಿಂದಲೇ ಒಬ್ಬ ಕುಡಿದಿದ್ದ ಎಂದು ಖಚಿತವಾಗಿ ಹೇಳಲಾಗದು ಎಂದು ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ ಹೇಳಿದೆ. ಅರ್ಧ ಶತಮಾನ ಕಳೆದರೂ ನಾವು ಅದೇ ವಾಸನೆಯನ್ನು ನೆಚ್ಚಿಕೊಂಡಿದ್ದೇವೆ. ರಕ್ತ ತೆಗೆಯುವುದಾದರೂ ಚರ್ಮವನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬಾರದು, ಸೋಡಿಯಂ ಫ್ಲೋರೈಡ್ ಹಾಕಿದ ಸೀಸೆಯಲ್ಲಿ ಹಿಡಿಯಬೇಕು, ಸಾಕ್ಷಿಗಳ ಮುಂದೆ ಅರಗು ಹಾಕಬೇಕು, ತಂಪಾಗಿಟ್ಟು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಹತ್ತಿರದ ಇನ್ನೊಂದಕ್ಕೋ ಬೇಗ ಮುಟ್ಟಿಸಬೇಕು. ಇದರಲ್ಲಿ ಒಂದು ತಪ್ಪಿದರೂ ವಕೀಲರು ನ್ಯಾಯಾಲಯದಲ್ಲಿ ಎತ್ತಿ ತೋರಿಸುತ್ತಾರೆ, ಎತ್ತಿ ತೋರಿಸಲೂಬೇಕು. ತಪ್ಪು ಮಾದರಿಯ ಮೇಲೆ ಯಾರನ್ನೂ ಜೈಲಿಗೆ ಕಳಿಸಬಾರದು.

ಇಲ್ಲಿ ಗಡಿಯಾರವೂ ಅಪರಾಧಿಯ ಪರವೇ. ರಾತ್ರಿ ಎರಡಕ್ಕೆ 60 ಇದ್ದವನಲ್ಲಿ ಬೆಳಗ್ಗೆ ಆರರ ಹೊತ್ತಿಗೆ ಏನೂ ಉಳಿಯದೆ ಇರಬಹುದು. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರೊಂದು ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದ ಪ್ರಕರಣದಲ್ಲಿ ಅಪಘಾತ ನಡೆದದ್ದು ನಸುಕಿನಲ್ಲಿ, ರಕ್ತ ತೆಗೆದದ್ದು ಗಂಟೆಗಟ್ಟಲೆ ತಡವಾಗಿ. ಆ ರಕ್ತವನ್ನೂ ಬದಲಿಸಿ ಬೇರೆಯವರ ರಕ್ತ ಇಡಲಾಗಿತ್ತು ಎಂಬುದು ಪೊಲೀಸರ ಆರೋಪ. ಸರ್ಕಾರಿ ಆಸ್ಪತ್ರೆಯ ಇಬ್ಬರು ವೈದ್ಯರ ಬಂಧನವಾಯಿತು. ಇನ್ನೊಂದು ಆಸ್ಪತ್ರೆಯಲ್ಲಿ ತೆಗೆದ ಮಾದರಿಯ ಜೊತೆ ಡಿಎನ್‌ಎ ಹೊಂದದೆ ಹೋದದ್ದರಿಂದ ವಿಷಯ ಹೊರಬಿತ್ತು. ಹಣವಂತರ ಮನೆಯ ಹುಡುಗನ ಕಾರಾದ್ದರಿಂದ ದೇಶವೇ ನೋಡುತ್ತಿತ್ತು, ಆದ್ದರಿಂದ ಎರಡನೇ ಮಾದರಿ ತೆಗೆದರು. ಯಾರೂ ನೋಡದ ಜಾಗದಲ್ಲಿ ಎರಡನೇ ಮಾದರಿಯನ್ನು ಯಾರು ತೆಗೆಯುತ್ತಾರೆ? ಅಪಘಾತದ ಸ್ಥಳದಲ್ಲೇ, ಆ್ಯಂಬುಲೆನ್ಸಿನ ಜೊತೆಯಲ್ಲೇ ಬಂದ ಪೊಲೀಸರು ಎಲ್ಲ ಚಾಲಕರನ್ನೂ ಊದಿಸಬೇಕು, ಪ್ರಜ್ಞೆ ಇಲ್ಲದವರ ರಕ್ತವನ್ನು ವೈದ್ಯರು ಒಪ್ಪಿದ ಮರುಕ್ಷಣ ತೆಗೆಯಬೇಕು. ತಡವಾದರೆ ಯಾಕೆ ತಡವಾಯಿತು ಎಂಬುದನ್ನು ಹೆಸರು ಸಮೇತ ಬರೆದಿಡಬೇಕು.

ಮಾದಕ ದ್ರವ್ಯದ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ದೊಡ್ಡದು. ಊದುವ ಯಂತ್ರ ಗಾಂಜಾ ಹಿಡಿಯುವುದಿಲ್ಲ, ಅಫೀಮು ಹಿಡಿಯುವುದಿಲ್ಲ, ನೋವಿನ ಮಾತ್ರೆಯ ಹೆಸರಲ್ಲಿ ನಶೆಗೆ ನುಂಗುವ ಟಪೆಂಟಡಾಲ್ ಹಿಡಿಯುವುದಿಲ್ಲ. ರಾತ್ರಿಯಿಡೀ ಲಾರಿ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು, ಮಾಲೀಕರಿಗೂ ಗೊತ್ತು. ಹೀಗಿದ್ದೂ ‘ಊದಿಸಿದೆವು, ಸೊನ್ನೆ ಬಂತು’ ಎಂದು ನೆಮ್ಮದಿಯಾಗಿದ್ದಾರೆ.

ಇಂಥ ಉದಾಸೀನಕ್ಕೆ ಬೆಲೆ ತೆತ್ತು ಕಲಿತ ದೇಶವೂ ಇದೆ. ಅಮೆರಿಕದಲ್ಲಿ 1987ರ ಜನವರಿ 4ರಂದು ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ ಪ್ರಯಾಣಿಕರ ರೈಲೊಂದು ಸರಕು ಕಂಪನಿಯ ಎಂಜಿನ್‌ಗಳಿಗೆ ಡಿಕ್ಕಿ ಹೊಡೆದು 16 ಜನ ಸತ್ತರು. ಸಿಗ್ನಲ್ ದಾಟಿ ಬಂದ ಆ ಎಂಜಿನ್‌ಗಳ ಸಿಬ್ಬಂದಿ ಗಾಂಜಾ ಸೇದಿದ್ದರು. 1991ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಸುರಂಗ ರೈಲು ಹಳಿ ತಪ್ಪಿ ಐವರು ಸತ್ತರು, ಅದರ ಚಾಲಕ ಕುಡಿದಿದ್ದ. ಅದೇ ವರ್ಷ ಅಕ್ಟೋಬರಿನಲ್ಲಿ ರೈಲು, ಲಾರಿ, ಬಸ್ಸು, ವಿಮಾನದ ಸಿಬ್ಬಂದಿಗೆಲ್ಲ ಪರೀಕ್ಷೆ ಕಡ್ಡಾಯ ಮಾಡುವ ಕಾಯ್ದೆ ಬಂತು. ಅಲ್ಲಿ ಲಾರಿ ಚಾಲಕನಿಗೆ ಕೆಲಸಕ್ಕೆ ಸೇರುವ ಮುನ್ನ ಮಾದಕ ದ್ರವ್ಯದ ಪರೀಕ್ಷೆ, ಆಮೇಲೆ ಯಾವಾಗ ಬೇಕಾದರೂ ಮುನ್ಸೂಚನೆ ಇಲ್ಲದ ಪರೀಕ್ಷೆ. ಗಂಭೀರ ಅಪಘಾತವಾದರೆ ಮದ್ಯಕ್ಕೆ 8 ಗಂಟೆಯೊಳಗೆ, ಮಾದಕ ದ್ರವ್ಯಕ್ಕೆ 32 ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು. ಸಿಕ್ಕಿಬಿದ್ದವನಿಗೂ ದಾರಿ ಮುಚ್ಚಿಲ್ಲ. ತಜ್ಞರ ಬಳಿ ಚಿಕಿತ್ಸೆ ಪಡೆದು, ಮತ್ತೆ ಪರೀಕ್ಷೆಗೆ ನಿಂತು, ಮೊದಲ ವರ್ಷದಲ್ಲಿ ಕನಿಷ್ಠ ಆರು ಸಲ ದಿಢೀರ್ ಪರೀಕ್ಷೆಗೆ ಒಪ್ಪಿ ಅವನು ಕೆಲಸಕ್ಕೆ ಮರಳಬಹುದು. ಆ ದೇಶ ಮಾಡಿದ್ದನ್ನೆಲ್ಲ ಹಾಗೇ ನಕಲು ಮಾಡಿ ಎನ್ನುತ್ತಿಲ್ಲ. ಮೂತ್ರ ಪರೀಕ್ಷೆಯಲ್ಲಿ ಗಾಂಜಾದ ಅಂಶ ಸೇದಿದ ಎಷ್ಟೋ ದಿನಗಳ ನಂತರವೂ ಕಾಣುತ್ತದೆ, ಈ ಗಳಿಗೆಯ ಅಮಲನ್ನು ಅದು ಹೇಳುವುದಿಲ್ಲ. ನಮ್ಮ ಮನೆಗಳ ಗಸಗಸೆ ಪಾಯಸ ಕುಡಿದವರ ಮೂತ್ರದಲ್ಲೂ ಮಾರ್ಫಿನ್ ಅಂಶ ಇಣುಕಬಹುದು. ಅದಕ್ಕೇ ಮೊದಲ ಸ್ಟ್ರಿಪ್ ಪರೀಕ್ಷೆಯ ಮೇಲೆ ಯಾರ ಕೆಲಸವನ್ನೂ ಕಿತ್ತುಕೊಳ್ಳಬಾರದು. ಪ್ರಯೋಗಾಲಯದ ಎರಡನೇ ಖಚಿತ ಪರೀಕ್ಷೆ, ವೈದ್ಯರ ಜೊತೆ ಮಾತು, ಕೆಲಸಗಾರನಿಗೆ ತನ್ನ ಮಾದರಿಯ ಇನ್ನೊಂದು ಭಾಗವನ್ನು ಬೇರೆ ಕಡೆ ಪರೀಕ್ಷೆ ಮಾಡಿಸುವ ಹಕ್ಕು, ಇಷ್ಟೂ ಇರಲೇಬೇಕು.

ಇದು ರಸ್ತೆಯ ಮಾತಷ್ಟೇ ಅಲ್ಲ. ಕಟ್ಟಡದ ಕೆಲಸದಲ್ಲಿ ‘ಮೋಲ್ಡ್ ಹಾಕುವ ದಿನ’ ಎಂಬುದೊಂದಿದೆ. ಚಾವಣಿಯ ಕಾಂಕ್ರೀಟ್ ಒಂದೇ ದಿನದಲ್ಲಿ ಮುಗಿಯಬೇಕು, ಆದ್ದರಿಂದ ಮೇಸ್ತ್ರಿಯೇ ಆಳುಗಳಿಗೆ ಕುಡಿಯಲು ದುಡ್ಡು ಕೊಡುತ್ತಾನೆ, ಬಾಟಲಿಯನ್ನೇ ತರಿಸುವವರೂ ಇದ್ದಾರೆ. ಮೂರನೇ ಮಹಡಿಯಲ್ಲಿ, ತಡೆಗೋಡೆಯಿಲ್ಲದ ಅಂಚಿನಲ್ಲಿ, ತಲೆಯ ಮೇಲೆ ಬಾಂಡಲಿ ಹೊತ್ತವನಿಗೆ ಕುಡಿಸಿದ ಮೇಸ್ತ್ರಿ, ಅವನು ಬಿದ್ದ ಮೇಲೆ ‘ಕುಡಿದು ಬಂದಿದ್ದ, ನಾವೇನು ಮಾಡೋಣ’ ಎಂದು ಪರಿಹಾರ ತಪ್ಪಿಸಿಕೊಳ್ಳುತ್ತಾನೆ. ಮನೆ ಕಟ್ಟಿಸುತ್ತಿರುವ ಓದಿದ ಜನ ಅದನ್ನು ನೋಡಿಕೊಂಡು ಸುಮ್ಮನಿರುತ್ತಾರೆ. ಅಲ್ಲಿ ಮೊದಲು ಪರೀಕ್ಷೆಗೆ ನಿಲ್ಲಬೇಕಾದವನು ಮೇಸ್ತ್ರಿ. ಕ್ರೇನ್, ಜೆಸಿಬಿ, ಲಿಫ್ಟ್ ನಡೆಸುವವರಿಗೆ ಪ್ರತಿ ಪಾಳಿಯ ಮೊದಲು ಪರೀಕ್ಷೆ ಬೇಕು. ಇನ್ನೊಂದು ಕೆಲಸವಿದೆ, ಅದನ್ನು ಕುಡಿಯದೆ ಮಾಡಲು ಸಾಧ್ಯವೇ ಇಲ್ಲ ಎಂದು ಮಾಡುವವರೇ ಹೇಳುತ್ತಾರೆ: ಮಲದ ಗುಂಡಿಗೆ ಇಳಿಯುವುದು. 2013ರ ಕಾಯ್ದೆ ಅಪಾಯಕಾರಿ ರೀತಿಯಲ್ಲಿ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು ನಿಷೇಧಿಸಿದೆ, ಇಳಿಸುವುದು ನಿಂತಿಲ್ಲ. ಅವರ ಬಾಯಿಗೆ ಯಂತ್ರ ಹಿಡಿಯುವ ಮಾತನ್ನು ಯಾರೂ ಆಡಬೇಡಿ. ಮೊದಲು ಅವರನ್ನು ಇಳಿಸುವುದನ್ನು ನಿಲ್ಲಿಸಿ.

ಅದೇ ರೀತಿ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಹಿಂದೆಯೇ ಹೇಳಿದ್ದರೂ ಒಬ್ಬನೇ ಚಾಲಕನಿಂದ ರಾತ್ರಿ ಹಗಲು ಗಾಡಿ ಓಡಿಸುವ ಮಾಲೀಕ ತನ್ನ ಗೇಟಿನಲ್ಲಿ ಯಂತ್ರ ಇಟ್ಟುಬಿಟ್ಟರೆ ಶುದ್ಧನಾಗುವುದಿಲ್ಲ. ಮೈಕೈ ನೋವು, ನಿದ್ದೆಗೇಡು, ವಾರಗಟ್ಟಲೆ ಮನೆಯಿಂದ ದೂರ ಎಂಬ ಬದುಕಿನಲ್ಲಿ ಕುಡಿತ ಸುಲಭವಾಗಿ ಕೈಹಿಡಿಯುತ್ತದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವಿದೆ. ತಾನಾಗಿ ಬಂದು ‘ನನ್ನಿಂದ ಬಿಡಲಾಗುತ್ತಿಲ್ಲ’ ಎಂದವನಿಗೆ ರಜೆ ಕೊಟ್ಟು ಚಿಕಿತ್ಸೆಗೆ ಕಳಿಸಿ, ಕೆಲಸ ಉಳಿಸಿಕೊಡುವ ಮಾಲೀಕರು ಬೇಕು. ಯೂನಿಯನ್ನುಗಳು ಇದಕ್ಕಾಗಿ ಬಡಿದಾಡಲಿ. ಕುಡಿದು ಸಿಕ್ಕಿದವನ ಅಮಾನತು ರದ್ದು ಮಾಡಿಸಲು ಡಿಪೊ ಮುಂದೆ ಕೂಗುವುದರಿಂದ ಆ ಸದಸ್ಯನಿಗೂ ಒಳ್ಳೆಯದಾಗುವುದಿಲ್ಲ.

ಸರ್ಕಾರದ ನಡವಳಿಕೆಯನ್ನು ಹೇಳದೆ ಬಿಡುವಂತಿಲ್ಲ. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೇಳಿದಾಗ ರಾಜ್ಯ ಸರ್ಕಾರಗಳು ಹುಡುಕಿದ್ದು ಅಂಗಡಿ ಮುಚ್ಚುವ ದಾರಿಯನ್ನಲ್ಲ. ಹೆದ್ದಾರಿಯನ್ನೇ ಹೆದ್ದಾರಿಯಲ್ಲ ಎಂದು ಘೋಷಿಸುವ ದಾರಿಯನ್ನು ಹಲವು ರಾಜ್ಯಗಳು ಹುಡುಕಿದವು. ಕರ್ನಾಟಕದ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಇಷ್ಟು ಮದ್ಯ ಮಾರುವ ಸರ್ಕಾರಕ್ಕೆ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಸರಿಯಾದ ರಕ್ತ ಮಾದರಿ ಕಿಟ್ಟುಗಳನ್ನು, ಪ್ರತಿ ಠಾಣೆಗೆ ಸುಸ್ಥಿತಿಯ ಊದುವ ಯಂತ್ರಗಳನ್ನು, ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ ಬೇಕಾದಷ್ಟು ಸಿಬ್ಬಂದಿಯನ್ನು ಕೊಡುವ ಶಕ್ತಿ ಇಲ್ಲವೆಂದು ನಾನು ಒಪ್ಪುವುದಿಲ್ಲ. ಮಾರಿದ ಕೈಯೇ ಅಳೆಯಬೇಕು. ಶಾಲಾ ವಾಹನ, ಬಸ್ಸು, ಲಾರಿಗಳ ಪರವಾನಗಿ ನವೀಕರಣಕ್ಕೆ ದಿನವಹಿ ಪರೀಕ್ಷೆಯ ದಾಖಲೆ ಕಡ್ಡಾಯ ಎಂಬ ಒಂದು ನಿಯಮ ಬಂದರೆ ಸಾಕು, ನಾಳೆಯೇ ಯಂತ್ರಗಳು ಗೇಟಿಗೆ ಬರುತ್ತವೆ.

ಆ ನಿಯಮ ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಮಗುವಿನ ಶಾಲೆಗೆ ಈ ವಾರವೇ ಹೋಗಿ. ಚಾಲಕರನ್ನು ಬೆಳಗ್ಗೆ ಯಾರು ಊದಿಸುತ್ತಾರೆ, ಎಷ್ಟು ಹೊತ್ತಿಗೆ, ಅಂಕಿಯನ್ನು ಎಲ್ಲಿ ಬರೆಯುತ್ತಾರೆ, ಯಂತ್ರವನ್ನು ಕೊನೆಯ ಸಲ ಕ್ಯಾಲಿಬ್ರೇಟ್ ಮಾಡಿದ್ದು ಯಾವಾಗ, 30 ದಾಟಿದವನ ಬದಲಿಗೆ ಬರಲು ಇನ್ನೊಬ್ಬ ಚಾಲಕ ಸಿದ್ಧವಾಗಿ ಇರುತ್ತಾನೆಯೇ ಎಂದು ಕೇಳಿ. ಪುಸ್ತಕ ತೋರಿಸಿ ಎನ್ನಿ. ಶಾಲೆ ಸ್ವಂತ ವಾಹನ ಇಟ್ಟಿಲ್ಲ, ಖಾಸಗಿ ವ್ಯಾನಿನವರು ನಮಗೆ ಸಂಬಂಧವಿಲ್ಲ ಎಂದರೆ ಹತ್ತು ಜನ ಪೋಷಕರು ಸೇರಿ ದುಡ್ಡು ಹಾಕಿ ಒಂದು ಯಂತ್ರ ಕೊಂಡು, ವ್ಯಾನ್ ಹೊರಡುವ ಮೊದಲ ನಿಲ್ದಾಣದಲ್ಲಿ ಸರದಿಯಂತೆ ಒಬ್ಬರು ನಿಲ್ಲಿ. ಚಾಲಕನನ್ನು ಮರ್ಯಾದೆಯಿಂದ ಮಾತಾಡಿಸಿ, ನೀವು ಮೊದಲು ಊದಿ, ಆಮೇಲೆ ಅವನಿಗೆ ಕೊಡಿ. ಅಂಕಿ ಹೆಚ್ಚು ಬಂದ ದಿನ ಮಕ್ಕಳನ್ನು ಕೆಳಗಿಳಿಸಿಕೊಂಡು ಆಟೊ ಮಾಡಿ ಕಳಿಸಿ. ಅವತ್ತು ಶಾಲೆಯಲ್ಲಿ ಪರೀಕ್ಷೆಯಿದೆ, ತಡವಾಗುತ್ತದೆ ಎಂಬ ಕಾರಣಕ್ಕೆ ‘ಇವತ್ತೊಂದು ದಿನ ಹೋಗಲಿ’ ಎನ್ನಬೇಡಿ.